ಕಾರಿನ ಬೆನ್ನಿಗೆ ನಾಲ್ಕು ಸೈಕಲ್

ಅಮೆರಿಕದ ಮಿನಿವ್ಯಾನ್ ಒಂದರ ಹಿಂದೆ ಮಂಡಿಯೂರಿ ಕೂತು ಬಂಪರಿನ ಅಡಿಗೆ ಇಣುಕಿದರೆ ಚೌಕಾಕಾರದ ಉಕ್ಕಿನ ಬಾಯೊಂದು ಕಾಣುತ್ತದೆ. ಉದ್ದ ಅಗಲ ಎರಡೂ 2 ಇಂಚು. ಚಿಕ್ಕ ಕಾರುಗಳಲ್ಲಾದರೆ ಒಂದೂಕಾಲು ಇಂಚು. ಅದರ ಪಕ್ಕದಲ್ಲೇ ಅಂಟಿಸಿದ ಚೀಟಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ. ದೊಡ್ಡದು, ಈ ಗಾಡಿಯ ಹಿಂದೆ ಕಟ್ಟಿ ಎಳೆಯಬಹುದಾದ ಟ್ರೇಲರಿನ ಒಟ್ಟು ತೂಕ. ಚಿಕ್ಕದು, ಆ ಕೊಂಡಿಯ, ಅಂದರೆ ಹಿಚ್ಚಿನ, ಮೇಲೆ ನೇರವಾಗಿ ಕೆಳಕ್ಕೆ ಕೂರಬಹುದಾದ ಭಾರ; ಇದನ್ನು ಟಂಗ್ ವೇಟ್ ಎನ್ನುತ್ತಾರೆ. ಮೊದಲ ದರ್ಜೆಯ ಹಿಚ್ಚಿಗೆ ಇವು 2,000 ಮತ್ತು 200 ಪೌಂಡ್, ಎರಡನೆಯ ದರ್ಜೆಗೆ 3,500 ಮತ್ತು 350 ಪೌಂಡ್. ಟ್ರೇಲರ್ ನೆಟ್ಟಗೆ ಹಿಂಬಾಲಿಸಿ ಬರಬೇಕಾದರೆ ಅದರ ತೂಕದ ಹತ್ತನೇ ಒಂದರಷ್ಟಾದರೂ ಮುಂದಿನ ಕೊಂಡಿಯ ಮೇಲೆ ಕೂತಿರಬೇಕು. ಆ ಲೆಕ್ಕದಿಂದ ಹುಟ್ಟಿದ ಜೋಡಿಗಳಿವು.

ಈ ಚೌಕ ಬಾಯಿ ಅಮೆರಿಕದ ಕಾರುಗಳಿಗೆ ಬಂದದ್ದು ಸೈಕಲ್ಲಿಗಾಗಿ ಅಲ್ಲ. 1945ರಲ್ಲಿ ವಾಷಿಂಗ್ಟನ್ ರಾಜ್ಯದ ರಿಜ್‌ಫೀಲ್ಡ್ ಎಂಬ ಊರಿನಲ್ಲಿ ಲೆನರ್ಡ್ ಶೋಯನ್ ಮತ್ತು ಆನಾ ಮೇರಿ ದಂಪತಿ ಯು-ಹಾಲ್ ಎಂಬ ಸಂಸ್ಥೆ ಕಟ್ಟಿ, ಮನೆ ಬದಲಾಯಿಸುವವರಿಗೆ ಬಾಡಿಗೆಗೆ ಟ್ರೇಲರ್ ಕೊಡತೊಡಗಿದರು. ಸ್ವಂತ ಕಾರಿಗೆ ಟ್ರೇಲರ್ ಕಟ್ಟಿಕೊಂಡು ಊರಿಂದೂರಿಗೆ ಹೋಗುವುದು ಮಧ್ಯಮ ವರ್ಗದ ಬದುಕಿನ ಭಾಗವಾಯಿತು, ಕೊಂಡಿಗಳಿಗೆ ಅಳತೆ ಮತ್ತು ದರ್ಜೆಗಳು ಬಂದವು. ಅಳತೆ ಒಂದೇ ಆದ ಮೇಲೆ ಆ ಬಾಯಿಗೆ ಬೇರೆ ಸಾಮಾನನ್ನೂ ಸಿಕ್ಕಿಸಬಹುದೆಂದು ಜನ ಕಂಡುಕೊಂಡರು. ಅದರಲ್ಲಿ ಸೈಕಲ್ ರ‍್ಯಾಕ್ ಮುಖ್ಯವಾದದ್ದು.

ಇವತ್ತು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿರುವ ಕುಟುಂಬಗಳು, ಅವುಗಳಲ್ಲಿ ಕನ್ನಡದ ಮನೆಗಳೂ ಬೇಕಾದಷ್ಟಿವೆ, ಬೇಸಿಗೆ ರಜೆಗೆ ಹೊರಟರೆ ಸೈಕಲ್ಲನ್ನೂ ಜೊತೆಗೆ ಒಯ್ಯಲು ಕಾರಣಗಳಿವೆ. ಯೊಸೆಮಿಟಿ ಕಣಿವೆಯ ನೆಲದಲ್ಲಿ 12 ಮೈಲಿಗೂ ಹೆಚ್ಚು ಉದ್ದದ, ಕಾರುಗಳ ಕಾಟವಿಲ್ಲದ ಸೈಕಲ್ ಹಾದಿಯಿದೆ. ಮಾಂಟೆರೆಯಲ್ಲಿ ಕಡಲಂಚಿಗೇ ಸಾಗುವ 18 ಮೈಲಿಯ ಹಾದಿಯಿದೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳ ಸಂಸಾರವೊಂದನ್ನು ಊಹಿಸಿಕೊಳ್ಳೋಣ. ದೊಡ್ಡವರ ಎರಡು ಸೈಕಲ್ ಬ್ಯಾಟರಿಯವು, ತಲಾ 25 ಕೆಜಿ. ಮಕ್ಕಳದ್ದು 12 ಮತ್ತು 10 ಕೆಜಿ. ಚಕ್ರಗಳನ್ನು ತಟ್ಟೆಯ ಮೇಲೆ ಕೂರಿಸುವ ನಾಲ್ಕು ಸೈಕಲ್ಲಿನ ರ‍್ಯಾಕ್ ಮಾತ್ರ ತೂಗಿದರೇ 30 ಕೆಜಿ. ಎಲ್ಲ ಸೇರಿ 102. ವ್ಯಾನಿನ ಮಿತಿ 350 ಪೌಂಡ್, ಅಂದರೆ 159 ಕೆಜಿ. ಮೂರನೇ ಒಂದರಷ್ಟು ಇನ್ನೂ ಉಳಿಯಿತಲ್ಲ ಎಂದು ಸಮಾಧಾನಪಟ್ಟು ಹೊರಟುಬಿಡುವವರೇ ಹೆಚ್ಚು.

ಈ ಸಮಾಧಾನ ಪೂರ್ತಿ ಸರಿಯಲ್ಲ. ಚೀಟಿ ತೂಕವನ್ನು ಮಾತ್ರ ಹೇಳುತ್ತದೆ. ಆ ತೂಕ ಬಾಯಿಂದ ಎಷ್ಟು ದೂರದಲ್ಲಿ ನಿಂತಿದೆ, ದಾರಿಯುದ್ದಕ್ಕೂ ಎಷ್ಟು ಸಾವಿರ ಸಲ ಕುಲುಕುತ್ತದೆ ಎಂಬುದನ್ನು ಹೇಳುವುದಿಲ್ಲ. ಉಕ್ಕು ಲೆಕ್ಕ ಒಪ್ಪಿಸಬೇಕಾದದ್ದು ಈ ಮೂರಕ್ಕೂ.

ಮೊದಲು ದೂರವನ್ನು ನೋಡೋಣ. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಅರ್ಧ ಮೈಲಿ ನಡೆಯಬಹುದು. ಅದೇ ಕೊಡವನ್ನು ತೋಳು ಚಾಚಿ ಹಿಡಿದರೆ ಹತ್ತು ಹೆಜ್ಜೆಗೆ ಭುಜ ಸೋಲುತ್ತದೆ. ನೀರು ಹೆಚ್ಚಾಗಲಿಲ್ಲ, ದೂರ ಹೆಚ್ಚಾಯಿತು. ಭಾರವನ್ನು ದೂರದಿಂದ ಗುಣಿಸಿದಾಗ ಬರುವ ಈ ಮೊತ್ತವನ್ನು ಬಾಗುಬಲ ಎಂದು ಕರೆಯೋಣ. ಟ್ರೇಲರ್ ಎಳೆಯುವಾಗ ಅದರ ಭಾರ ಕೂರುವ ಗುಂಡು ಚೌಕ ಬಾಯಿಂದ ಹೆಚ್ಚೆಂದರೆ ಒಂದು ಗೇಣು, ಸುಮಾರು 20 ಸೆಂಟಿಮೀಟರ್ ಆಚೆ ಇರುತ್ತದೆ. ಮಿತಿಯ ಪೂರ್ತಿ 159 ಕೆಜಿ ಅಲ್ಲಿ ಕೂತರೂ ಬಾಗುಬಲ 3,180 ಕೆಜಿ-ಸೆಂಟಿಮೀಟರ್.

ಸೈಕಲ್ ರ‍್ಯಾಕಿನ ಕಥೆಯೇ ಬೇರೆ. ಹಿಂಬಾಗಿಲಿಗೆ ತಗಲಬಾರದೆಂದು ಮೊದಲ ತಟ್ಟೆಯನ್ನೇ ದೂರ ಇಟ್ಟಿರುತ್ತಾರೆ. ಒಂದರ ಹ್ಯಾಂಡಲ್ ಇನ್ನೊಂದರ ಸೀಟಿಗೆ ಸಿಕ್ಕಿಕೊಳ್ಳದಿರಲು ತಟ್ಟೆ ತಟ್ಟೆಗೂ ನಡುವೆ ಜಾಗ ಬೇಕು. ನಾಲ್ಕು ತಟ್ಟೆಗಳು ಬಾಯಿಂದ 40, 65, 90, 115 ಸೆಂಟಿಮೀಟರ್ ದೂರದಲ್ಲಿವೆ ಎಂದುಕೊಳ್ಳಿ. ರ‍್ಯಾಕಿನ ಸ್ವಂತ ತೂಕ 60 ಸೆಂಟಿಮೀಟರಿನಲ್ಲಿ ಕೇಂದ್ರೀಕರಿಸಿದೆ ಎನ್ನಿ. ಭಾರದ ಸೈಕಲ್ಲುಗಳನ್ನು ಕಾರಿನ ಪಕ್ಕಕ್ಕೂ ಮಕ್ಕಳದ್ದನ್ನು ಹೊರಗಡೆಗೂ ಇಟ್ಟರೆ ಒಟ್ಟು ಬಾಗುಬಲ 6,655. ತೂಕ ಮಿತಿಗಿಂತ ಮೂರನೇ ಒಂದು ಕಡಿಮೆ, ಬಾಗುಬಲ ಟ್ರೇಲರಿನ ಎರಡು ಪಟ್ಟಿಗೂ ಹೆಚ್ಚು! ಮಕ್ಕಳ ಸೈಕಲ್ಲನ್ನು ಮೊದಲು ಒಳಕ್ಕೆ ಸೇರಿಸಿ, ದೊಡ್ಡದನ್ನು ಕೊನೆಗೆ ಹೊರತಟ್ಟೆಗೆ ಏರಿಸಿದರೆ ಅದು 8,105ಕ್ಕೆ ಹೋಗುತ್ತದೆ. ಒಂದು ಗ್ರಾಮ್ ತೂಕವನ್ನೂ ಸೇರಿಸದೆ, ಬರೀ ಜಾಗ ಬದಲಿಸಿದ್ದಕ್ಕೆ ಶೇ. 22ರಷ್ಟು ಏರಿಕೆ.

ಇಷ್ಟಕ್ಕೇ ಹಿಚ್ ಮುರಿದು ಬೀಳುತ್ತದೆ ಎಂದು ಯಾರೂ ಹೆದರಬೇಕಿಲ್ಲ. ಟ್ರೇಲರಿನ ಎಳೆತ, ಬ್ರೇಕ್ ಹಾಕಿದಾಗಿನ ತಳ್ಳಾಟ ಇವನ್ನೆಲ್ಲ ತಾಳುವ ಹಾಗೆ ಅದನ್ನು ಧಾರಾಳವಾಗಿ ಗಟ್ಟಿ ಮಾಡಿರುತ್ತಾರೆ. ಆದರೆ ಒಂದೂಕಾಲು ಇಂಚಿನ ಬಾಯಿಗೆ ಎರಡೇ ಸೈಕಲ್ ಎಂದು ರ‍್ಯಾಕಿನವರು ಕಟ್ಟುನಿಟ್ಟು ಮಾಡುವುದು ಯಾಕೆ, ಬಾಯಿಯನ್ನು ಉದ್ದ ಮಾಡುವ ಎಕ್ಸ್‌ಟೆನ್ಷನ್ ಕೊಳವೆ ಸೇರಿಸಿದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ ಎಂದು ಬರೆದಿರುವುದು ಯಾಕೆ ಎಂಬುದು ಈ ಗುಣಾಕಾರ ಗೊತ್ತಿದ್ದರೆ ತಾನಾಗಿ ತಿಳಿಯುತ್ತದೆ.

ಆ ಬಾಯಿಯ ಒಳಗೆ ಏನು ನಡೆಯುತ್ತದೆ ಎಂದು ಇನ್ನಷ್ಟು ಹತ್ತಿರದಿಂದ ನೋಡಬೇಕು, ಯಾಕೆಂದರೆ ಹೆಚ್ಚಿನವರ ಕಲ್ಪನೆ ಇಲ್ಲಿ ತಪ್ಪು ದಾರಿ ಹಿಡಿಯುತ್ತದೆ. ರ‍್ಯಾಕಿನ ಚೌಕ ದಂಡ ಒಳಗೆ ಹೋಗುತ್ತದೆ, ಅಡ್ಡಲಾಗಿ ಒಂದು ಪಿನ್ ತೂರುತ್ತೇವೆ. ಭಾರವೆಲ್ಲ ಆ ಪಿನ್ನಿನ ಮೇಲೆ ನಿಂತಿದೆ ಎಂದು ತೋರುತ್ತದೆ. ನಿಜವಾಗಿ ಪಿನ್ ಹೊರುವುದು ಬಹಳ ಕಡಿಮೆ. ದಂಡ ಹೊರಕ್ಕೆ ಜಾರದಂತೆ ತಡೆಯುವುದಷ್ಟೇ ಅದರ ಕೆಲಸ. ಭಾರ ಹೊರುವುದು ಕೊಳವೆಯ ಗೋಡೆಗಳು. ದಂಡ ಒಂದು ಸನ್ನೆಕೋಲು: ಬಾಯಿಯ ಕೆಳತುಟಿ ಅದಕ್ಕೆ ಊರುಗೋಲು, ಒಳತುದಿ ಮೇಲಕ್ಕೆದ್ದು ಕೊಳವೆಯ ಚಾವಣಿಗೆ ಒತ್ತುತ್ತದೆ. ಈ ಎರಡು ಜಾಗಗಳ ನಡುವೆ 15 ಸೆಂಟಿಮೀಟರ್ ಇದ್ದರೆ, ಒಳತುದಿ ಚಾವಣಿಯನ್ನು ಒತ್ತುವ ಬಲ 6,655ನ್ನು 15ರಿಂದ ಭಾಗಿಸಿದಷ್ಟು, ಅಂದರೆ 444 ಕೆಜಿ. ಕೆಳತುಟಿ ಹೊರಬೇಕಾದದ್ದು ಅದಕ್ಕೆ ರ‍್ಯಾಕ್ ಮತ್ತು ಸೈಕಲ್ಲುಗಳ 102 ಸೇರಿಸಿ 546 ಕೆಜಿ. ನೂರು ಕೆಜಿ ಸಾಮಾನು ಹೇರಿದ್ದೇವೆ, ಬೆರಳಗಲದ ಉಕ್ಕಿನ ಅಂಚಿಗೆ ಅರ್ಧ ಟನ್ನಿನ ಮೇಲೆ ಬಿದ್ದಿದೆ. ಕೆಲವು ಬೇಸಿಗೆ ಕಂಡ ಹಿಚ್ಚಿನ ಬಾಯಿಗೆ ಟಾರ್ಚ್ ಹಿಡಿದು ನೋಡಿ: ಕೆಳತುಟಿಯ ಹೊರ ಅಂಚಿನಲ್ಲಿ, ಮತ್ತೆ ಒಳಗೆ ಚಾವಣಿಯಲ್ಲಿ, ಈ ಎರಡೇ ಕಡೆ ಕಪ್ಪು ಬಣ್ಣ ಉಜ್ಜಿಹೋಗಿ ಉಕ್ಕು ಹೊಳೆಯುತ್ತಿರುತ್ತದೆ. ಲೆಕ್ಕ ಹೇಳಿದ್ದನ್ನು ಲೋಹ ತಾನೇ ಬರೆದಿಟ್ಟಿರುತ್ತದೆ.

ಪಿನ್ನಿನ ಬಲ ಎಷ್ಟೆಂದು ನೋಡೋಣ: 2 ಇಂಚಿನ ಬಾಯಿಗೆ ಹಾಕುವುದು 5/8 ಇಂಚು ದಪ್ಪದ್ದು. ಅದು ತುಂಡಾಗಬೇಕಾದರೆ ಎರಡು ಕಡೆ ಕತ್ತರಿಸಿಹೋಗಬೇಕು; ಸಾಧಾರಣ ಉಕ್ಕಿನದಾದರೂ ಅದಕ್ಕೆ ಒಂಬತ್ತು-ಹತ್ತು ಟನ್ ಬಲ ಬೇಕು. ಪಿನ್ ಮುರಿದು ರ‍್ಯಾಕ್ ಬೀಳುವುದಕ್ಕಿಂತ, ಪಿನ್ನಿನ ತುದಿಯ ಕ್ಲಿಪ್ ಹಾಕುವುದನ್ನು ಮರೆತು ಅದು ಜಾರಿಹೋಗಿ ಬೀಳುವ ಸಾಧ್ಯತೆ ದೊಡ್ಡದು. ನಾಲ್ಕಾಣೆಯ ಕ್ಲಿಪ್ ಎಂದು ಉದಾಸೀನ ಮಾಡಬಾರದು.

ಇನ್ನು ಇಡೀ ಗಾಡಿಯನ್ನೇ ಒಂದು ಸನ್ನೆ ಎಂದು ನೋಡಿ. ಹಿಂದಿನ ಚಕ್ರ ಊರುಗೋಲು. ರ‍್ಯಾಕ್ ಮತ್ತು ಸೈಕಲ್ಲುಗಳ ತೂಕದ ಕೇಂದ್ರ ಚೌಕ ಬಾಯಿಂದ ಸುಮಾರು 65 ಸೆಂಟಿಮೀಟರ್ ಹೊರಗಿದೆ. ಬಾಯಿ ಹಿಂದಿನ ಅಚ್ಚಿಗಿಂತ ಸುಮಾರು 1.1 ಮೀಟರ್ ಹಿಂದಿದೆ. ಒಟ್ಟು 1.75 ಮೀಟರ್. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ನಡುವೆ ಮಿನಿವ್ಯಾನಿನಲ್ಲಿ ಸುಮಾರು 3 ಮೀಟರ್. ಹಾಗಾಗಿ ಮುಂದಿನ ಚಕ್ರಗಳ ಮೇಲಿನ ಭಾರ 60 ಕೆಜಿಯಷ್ಟು ಹಗುರಾಗುತ್ತದೆ, ಹಿಂದಿನವು 160 ಕೆಜಿಯಷ್ಟು ಹೆಚ್ಚು ಹೊರುತ್ತವೆ. ಸೈಕಲ್ಲುಗಳ ತೂಕವನ್ನು ಮೀರಿದ ಭಾರ ಹಿಂದಿನ ಟೈರುಗಳಿಗೆ! ಇಂಥ ವ್ಯಾನುಗಳಲ್ಲಿ ಸಾಮಾನ್ಯವಾಗಿ ಎಳೆಯುವ ಚಕ್ರವೂ ಮುಂದಿನದೇ, ತಿರುಗುವ ಚಕ್ರವೂ ಮುಂದಿನದೇ. ಮೂರನೇ ಸಾಲಿನಲ್ಲಿ ಅಜ್ಜಿ ತಾತ ಕೂತು, ಅವರ ಹಿಂದೆ ಪೆಟ್ಟಿಗೆಗಳನ್ನೂ ತುಂಬಿದ್ದರೆ ಸ್ಟೀರಿಂಗ್ ಹಗುರಾದದ್ದು ಕೈಗೆ ಗೊತ್ತಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ಹಿಂದಿನ ಅಚ್ಚಿನ ಗರಿಷ್ಠ ಭಾರವನ್ನು ಹೇಳುತ್ತದೆ. ಹಿಚ್ಚಿನ ಚೀಟಿಯಷ್ಟೇ ಇದೂ ಮುಖ್ಯ. ಭಾರವಾದ ಪೆಟ್ಟಿಗೆಗಳನ್ನು ನಡುಸಾಲಿನ ಕಾಲ ಬಳಿಗೆ ತಂದರೆ ಪರಿಸ್ಥಿತಿ ಎಷ್ಟೋ ಸುಧಾರಿಸುತ್ತದೆ.

ಬೆನ್ನು ಉದ್ದವಾದದ್ದರ ಇನ್ನೊಂದು ಫಲ ಪೆಟ್ರೋಲ್ ಬಂಕಿನಿಂದ ರಸ್ತೆಗಿಳಿಯುವಾಗ ಗೊತ್ತಾಗುತ್ತದೆ. ಮುಂದಿನ ಚಕ್ರ ಏರಿನಲ್ಲಿ, ಹಿಂದಿನದು ತಗ್ಗಿನಲ್ಲಿ ಇರುವಾಗ ರ‍್ಯಾಕಿನ ತುದಿ ನೆಲಕ್ಕೆ ಕೆರೆಯುತ್ತದೆ. ಹಿಂದಿನ ಚಕ್ರದಿಂದ ಬಂಪರಿಗೆ ಗೆರೆ ಎಳೆದರೆ ನೆಲದೊಂದಿಗೆ 16 ಡಿಗ್ರಿ ಇದ್ದ ಕೋನ, ರ‍್ಯಾಕಿನ ತುದಿಗೆ ಎಳೆದಾಗ 8 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಇಂಥ ಕಡೆ ಓರೆಯಾಗಿ, ನಿಧಾನಕ್ಕೆ ಇಳಿಸಬೇಕು.

ಈಗ ಕುಲುಕಾಟಕ್ಕೆ ಬರೋಣ. ನನ್ನ ಪ್ರಕಾರ ಈ ವಿಷಯದಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು ಇದೇ.

ದಂಡ ಬಾಯೊಳಗೆ ಸರಾಗವಾಗಿ ಹೋಗಿಬರಬೇಕಾದರೆ ಎರಡರ ನಡುವೆ ಒಂದಿಷ್ಟು ಸಡಿಲ ಇರಲೇಬೇಕು. ಒಂದೂವರೆ ಮಿಲಿಮೀಟರ್ ಎನ್ನಿ. 15 ಸೆಂಟಿಮೀಟರ್ ಉದ್ದದಲ್ಲಿ ಒಂದೂವರೆ ಮಿಲಿಮೀಟರ್ ಆಡುವ ದಂಡ, 115 ಸೆಂಟಿಮೀಟರ್ ಆಚೆಯ ಕೊನೆಯ ತಟ್ಟೆಯಲ್ಲಿ ಹನ್ನೊಂದು-ಹನ್ನೆರಡು ಮಿಲಿಮೀಟರ್ ಆಡುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎನ್ನುವುದು ಇದೇ. ಗಾಡಿ ನಿಂತಿರುವಾಗ ಭಾರ ದಂಡವನ್ನು ಒಂದೇ ಕಡೆ ಒತ್ತಿ ಹಿಡಿದಿರುತ್ತದೆ. ಚಕ್ರ ಹಳ್ಳಕ್ಕೆ ಬಿದ್ದಾಗ ಗಾಡಿಯ ಹಿಂಬದಿ ಸರ್ರನೆ ಕೆಳಗಿಳಿದು, ಸೈಕಲ್ಲುಗಳು ಅರೆಕ್ಷಣ ತೂಕ ಕಳೆದುಕೊಂಡಂತಾಗಿ, ದಂಡ ತನ್ನ ಜಾಗ ಬಿಟ್ಟೇಳುತ್ತದೆ. ಮರುಕ್ಷಣ ಮತ್ತೆ ಬಂದು ಕೂರುತ್ತದೆ. ಆದರೆ ಈ ಸಲ ಅದು ಕೂರುವುದಲ್ಲ, ಬಡಿಯುವುದು. ಮೆಲ್ಲಗೆ ಇಟ್ಟ ಭಾರಕ್ಕೂ, ಎತ್ತರದಿಂದ ಬೀಳಿಸದೆ ಸುಮ್ಮನೆ ಥಟ್ಟನೆ ಕೈಬಿಟ್ಟ ಭಾರಕ್ಕೂ ಲೋಹದಲ್ಲಿ ಹುಟ್ಟುವ ಒತ್ತಡ ಒಂದಕ್ಕೆ ಎರಡು. ಸಂದಿಯ ಆಚೆಯಿಂದ ವೇಗ ಪಡೆದು ಬಂದು ಬಡಿದರೆ ಎರಡನ್ನೂ ಮೀರುತ್ತದೆ.

ಸಂದಿಯನ್ನು ಮುಚ್ಚುವುದೇ ಇದಕ್ಕೆ ಮದ್ದು. ಸಾದಾ ಪಿನ್ನಿನ ಬದಲು ತಿರುಪಿರುವ ಬೋಲ್ಟ್ ಹಾಕಿ ಬಿಗಿದರೆ ಅದು ದಂಡವನ್ನು ಒಂದು ಪಕ್ಕದ ಗೋಡೆಗೆ ಎಳೆದು ಅಂಟಿಸುತ್ತದೆ. ಒಳ್ಳೆಯ ರ‍್ಯಾಕುಗಳಲ್ಲಿ ದಂಡದ ತುದಿಯಲ್ಲೇ ಒಂದು ಬೆಣೆ ಇರುತ್ತದೆ. ಹೊರಗಿನ ಗುಬುಟು ತಿರುಗಿಸಿದಂತೆ ಅದು ಓರೆಯಾಗಿ ಸರಿದು ಕೊಳವೆಯ ಮೂಲೆಗಳಿಗೆ ಒತ್ತುತ್ತದೆ. ಬಡಗಿಯ ಬೆಣೆಗೂ ಇದಕ್ಕೂ ತತ್ವ ಒಂದೇ. ರಸ್ತೆಯ ಪೆಟ್ಟು ಮೊದಲು ಈ ಬಿಗಿತವನ್ನು ಗೆಲ್ಲಬೇಕು. ಅದನ್ನು ಗೆಲ್ಲದೆ ದಂಡವನ್ನು ಜಾಗದಿಂದ ಎಬ್ಬಿಸಲಾರದು. ಎಬ್ಬಿಸಲಾಗದಿದ್ದರೆ ಬಡಿತವಿಲ್ಲ. ಹೊರಟ ಮೇಲೆ ಮೊದಲ ಹತ್ತಿಪ್ಪತ್ತು ಮೈಲಿಗೆ ಒಮ್ಮೆ ನಿಲ್ಲಿಸಿ ಗುಬುಟನ್ನು ಮತ್ತೆ ತಿರುಗಿಸಿ ನೋಡಬೇಕು. ಬಣ್ಣ, ತುಕ್ಕಿನ ಪುಡಿ, ಮಣ್ಣು ಇವೆಲ್ಲ ಒತ್ತಿಗೆ ಜರುಗಿ ಮೊದಲ ಬಿಗಿತ ಸ್ವಲ್ಪ ಇಳಿದಿರುತ್ತದೆ; ಸಾಮಾನ್ಯವಾಗಿ ಅರ್ಧ ಸುತ್ತು ಮತ್ತೆ ಬರುತ್ತದೆ.

ಬಡಿತ ನಿಂತರೂ ತೂಗಾಟ ಇರುತ್ತದೆ, ಯಾಕೆಂದರೆ ರ‍್ಯಾಕ್ ಸ್ವತಃ ಒಂದು ಸ್ಪ್ರಿಂಗ್. ನಾಲ್ಕೂ ಸೈಕಲ್ ಏರಿಸಿದಾಗ ಅದು ಎಷ್ಟು ತಗ್ಗುತ್ತದೆ ಎಂದು ಅಳೆದರೆ, ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದನ್ನೂ ಹೇಳಬಹುದು. ಎರಡೂವರೆ ಸೆಂಟಿಮೀಟರ್ ತಗ್ಗಿದರೆ ಸೆಕೆಂಡಿಗೆ ಸುಮಾರು ಮೂರು ಸಲ. ಇದು ಆ ರ‍್ಯಾಕಿನ ಸಹಜ ಲಯ. ಹೊರಗಿನ ಕುಲುಕು ಇದೇ ಲಯದಲ್ಲಿ ಬಂದರೆ ತೂಗಾಟ ಬೆಳೆಯುತ್ತಾ ಹೋಗುತ್ತದೆ. ಅಮೆರಿಕದ ಕಾಂಕ್ರೀಟ್ ಹೆದ್ದಾರಿಗಳಲ್ಲಿ ಹಾಸುಗಳ ನಡುವೆ ಸಂದುಗಳಿರುತ್ತವೆ, ಹಲವೆಡೆ 15 ಅಡಿಗೊಂದು. ಗಂಟೆಗೆ 65 ಮೈಲಿ ವೇಗದಲ್ಲಿ ಸೆಕೆಂಡಿಗೆ ಆರಕ್ಕೂ ಹೆಚ್ಚು ಸಂದುಗಳು ಚಕ್ರದಡಿ ಹಾಯುತ್ತವೆ; ನಮ್ಮ ರ‍್ಯಾಕಿನ ಲಯಕ್ಕೆ ಅದು ದೂರ. ವಾಹನಗಳ ದಟ್ಟಣೆಯಲ್ಲಿ ವೇಗ 32ಕ್ಕೆ ಇಳಿದಾಗ ಸೆಕೆಂಡಿಗೆ ಮೂರು! ವೇಗ ಕಡಿಮೆಯಾದಾಗಲೇ ಕನ್ನಡಿಯಲ್ಲಿ ಸೈಕಲ್ಲುಗಳು ಜೋರಾಗಿ ತೂಗುವುದು ಕಂಡು ಗಾಬರಿಯಾಗುವವರಿದ್ದಾರೆ, ಕಾರಣ ಇದು. ಹತ್ತು ಮೈಲಿ ವೇಗ ಹೆಚ್ಚಿಸಿದರೋ ತಗ್ಗಿಸಿದರೋ ತೂಗಾಟ ಇಳಿಯುತ್ತದೆ.

ರಸ್ತೆ ಕಟ್ಟುವವರಿಗೂ ಈ ಲಯದ ತೊಂದರೆ ಗೊತ್ತಿತ್ತು. ಕ್ಯಾಲಿಫೋರ್ನಿಯಾದ ಹೆದ್ದಾರಿ ಎಂಜಿನಿಯರುಗಳು ಸಂದುಗಳನ್ನು ಸಮ ಅಂತರದಲ್ಲಿ ಇಡದೆ 12, 15, 13, 14 ಅಡಿ ಎಂದು ಬೇಕೆಂದೇ ಏರುಪೇರು ಮಾಡಿದರು, ವಾಹನಗಳಿಗೆ ಒಂದೇ ತಾಳ ಸಿಗಬಾರದೆಂದು. ಇಂಥ ರಸ್ತೆಯಲ್ಲಿ ಕಾರಿನ ಸದ್ದಿಗೆ ಕಿವಿಗೊಟ್ಟರೆ ಧಡ್ ಧಡ್‌ಗಳ ನಡುವಿನ ಬಿಡುವು ಒಂದೊಂದು ಸಲ ಒಂದೊಂದಾಗಿ ಕೇಳಿಸುತ್ತದೆ. ಕೂತು ಪ್ರಯಾಣಿಸುವವರ ನೆಮ್ಮದಿಗೆ ಯಾರೋ ಇಷ್ಟು ಯೋಚಿಸಿದ್ದರಲ್ಲ ಎಂದು ನನಗೆ ಪ್ರತಿ ಸಲವೂ ಗೌರವ ಮೂಡುತ್ತದೆ.

ಸೆಕೆಂಡಿಗೆ ಮೂರರಂತೆ ತೂಗಿದರೆ, ಬೇ ಏರಿಯಾದಿಂದ ಯೊಸೆಮಿಟಿಗೆ ನಾಲ್ಕು ಗಂಟೆಯ ಒಂದು ಹಾದಿಗೇ ನಲವತ್ತು ಸಾವಿರಕ್ಕೂ ಮಿಕ್ಕಿ ಏರಿಳಿತ. ಪ್ರತಿಯೊಂದೂ ಬೆಸುಗೆಯ ಅಂಚನ್ನು ಕೂದಲೆಳೆಯಷ್ಟು ಬಾಗಿಸಿ ಬಿಡುತ್ತದೆ. ಒಮ್ಮೆಗೆ ಮುರಿಯಲಾರದ ಲೋಹವನ್ನು ಲಕ್ಷ ಸಲ ಬಾಗಿಸಿ ಮುರಿಯಬಹುದು ಎಂಬ ಸತ್ಯವನ್ನು ಮನುಷ್ಯ ಕಲಿತದ್ದು ರೈಲಿನಿಂದ, ಅದೂ ತುಂಬ ದುಬಾರಿ ಬೆಲೆ ತೆತ್ತು. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಹಿಂದಿನ ಬೋಗಿಗಳು ಒಂದರ ಮೇಲೊಂದು ಹತ್ತಿ, ಬೆಂಕಿ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಂಟಾರ್ಕ್ಟಿಕದ ತೀರವನ್ನು ಕಂಡು ಬಂದಿದ್ದ ನಾವಿಕ ಡ್ಯೂಮಾಂ ದ್ಯುರ್ವಿಲ್ ತನ್ನ ಸಂಸಾರದ ಸಮೇತ ಅದರಲ್ಲಿ ತೀರಿಕೊಂಡ. ಮಾರನೆಯ ವರ್ಷವೇ ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್, ಅಚ್ಚು ಮುರಿಯುವುದು ಒಮ್ಮೆಗಲ್ಲ, ಅಳತೆ ಥಟ್ಟನೆ ಬದಲಾಗುವ ಮೂಲೆಗಳಲ್ಲಿ ಬಿರುಕು ಹುಟ್ಟಿ ಮೆಲ್ಲಗೆ ಒಳಕ್ಕೆ ಬೆಳೆಯುತ್ತದೆ ಎಂದು ತೋರಿಸಿದ. ಆಮೇಲೆ ಪ್ರಷ್ಯಾದ ರೈಲ್ವೆಯಲ್ಲಿದ್ದ ಆಗಸ್ಟ್ ವ್ಯೋಲರ್ 1850 ಮತ್ತು 60ರ ದಶಕಗಳಲ್ಲಿ ಯಂತ್ರ ಕಟ್ಟಿ, ಅಚ್ಚಿನ ತುಂಡುಗಳನ್ನು ಭಾರ ಹೇರಿ ತಿರುಗಿಸುತ್ತಾ, ಎಷ್ಟು ಒತ್ತಡಕ್ಕೆ ಎಷ್ಟು ಸುತ್ತು ಬಾಳುತ್ತದೆ ಎಂದು ವರ್ಷಗಟ್ಟಲೆ ಎಣಿಸಿದ. ಲೋಹದ ದಣಿವು ಎಂಬ ಶಾಸ್ತ್ರ ನಿಂತಿರುವುದು ಆ ಎಣಿಕೆಯ ಮೇಲೆ. ಒಂದು ಮಿತಿಗಿಂತ ಕೆಳಗಿನ ಒತ್ತಡವನ್ನು ಉಕ್ಕು ಎಷ್ಟು ಸಲ ಬೇಕಾದರೂ ತಾಳುತ್ತದೆ ಎಂದು ಆತ ಕಂಡ. ಅಲ್ಯುಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಅದು ಪ್ರತಿ ಕುಲುಕನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳುತ್ತದೆ. ಹಗುರವೆಂದು ನಾವು ಮೆಚ್ಚುವ ರ‍್ಯಾಕುಗಳಲ್ಲಿ ಅಲ್ಯುಮಿನಿಯಮ್ಮೇ ಹೆಚ್ಚು.

ಬೆಸೆದ ಉಕ್ಕಿನ ಜೋಡಣೆಗಳಿಗೆ ಎಂಜಿನಿಯರುಗಳು ಬಳಸುವ ಸೂತ್ರದಲ್ಲಿ ಒತ್ತಡ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದಕ್ಕೆ ಇಳಿಯುತ್ತದೆ. ಮೂರು ಸಲ ಗುಣಿಸುವ ಈ ನಿಯಮವನ್ನು ನಮ್ಮ ಸೈಕಲ್ಲುಗಳಿಗೆ ಹಚ್ಚಿ ನೋಡಿ. ಭಾರದ ಸೈಕಲ್ ಹೊರಗಿದ್ದಾಗ ಬಾಗುಬಲ 1.22 ಪಟ್ಟು. 1.22ನ್ನು ಮೂರು ಸಲ ಗುಣಿಸಿದರೆ 1.8. ಎಂದರೆ, ಭಾರದ್ದನ್ನು ಒಳಗಿಟ್ಟು ಹಗುರದ್ದನ್ನು ಹೊರಗಿಡುವ ಐದು ನಿಮಿಷದ ಕೆಲಸಕ್ಕೆ ಬೆಸುಗೆಯ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬ್ಯಾಟರಿಗಳನ್ನು ಕಳಚಿ ಕಾರಿನೊಳಗೆ ಇಟ್ಟರೆ ತಲಾ ಮೂರ್ನಾಲ್ಕು ಕೆಜಿ ಇಳಿಯುವುದೂ ಇದೇ ಲೆಕ್ಕದಲ್ಲಿ ಲಾಭ. ಎಷ್ಟೋ ರ‍್ಯಾಕುಗಳ ಕೈಪಿಡಿಯಲ್ಲಿ ಮಣ್ಣುರಸ್ತೆಗೆ ಬೇರೆ, ಕಡಿಮೆ ತೂಕದ ಮಿತಿ ಬರೆದಿರುತ್ತಾರೆ. ಮಲಗುವ ಕೋಣೆಯಿರುವ ಟ್ರೇಲರುಗಳ ಹಿಂಬದಿಗೆ ರ‍್ಯಾಕ್ ಹಾಕುವುದನ್ನು ಹಲವು ರ‍್ಯಾಕ್ ತಯಾರಕರು ನಿಷೇಧಿಸುತ್ತಾರೆ: ಅಂಥ ಟ್ರೇಲರ್ ತನ್ನ ನಡುವಿನ ಅಚ್ಚಿನ ಮೇಲೆ ಮುಂದಕ್ಕೂ ಹಿಂದಕ್ಕೂ ಓಲಾಡುವಾಗ ಅದರ ಬಾಲ ಕಾರಿಗಿಂತ ಎಷ್ಟೋ ಜೋರಾಗಿ ಎದ್ದು ಬೀಳುತ್ತದೆ.

ಇಷ್ಟೆಲ್ಲ ಇದ್ದರೆ ಚಾವಣಿಯ ಮೇಲೆಯೇ ಕಟ್ಟಬಾರದೇ? 25 ಕೆಜಿಯ ಸೈಕಲ್ಲನ್ನು ತಲೆಯ ಮೇಲೆತ್ತುವ ಕಷ್ಟ ಒಂದು ಕಡೆಗಿರಲಿ. ಗಾಳಿ ಇದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಚಾವಣಿಯ ಮೇಲಿನ ಸೈಕಲ್ ಅಡೆತಡೆಯಿಲ್ಲದ ಗಾಳಿಗೆ ಎದೆಯೊಡ್ಡಿ ನಿಂತಿರುತ್ತದೆ. ಬೆನ್ನ ಹಿಂದಿನ ಸೈಕಲ್ ಕಾರಿನ ಮರೆಯಲ್ಲಿರುತ್ತದೆ. ಚಾವಣಿಯ ಮೇಲಿನ ದೊಡ್ಡ ಮೊಂಡು ಪೆಟ್ಟಿಗೆಯೊಂದು ಗಂಟೆಗೆ 65ರಿಂದ 75 ಮೈಲಿ ವೇಗದಲ್ಲಿ ಮೈಲೇಜನ್ನು ಶೇ. 10ರಿಂದ 25ರವರೆಗೆ ತಗ್ಗಿಸಬಹುದು, ಹಿಂದೆ ಕಟ್ಟಿದ ಪೆಟ್ಟಿಗೆ ಹೆದ್ದಾರಿಯಲ್ಲಿ ಶೇ. 1ರಿಂದ 5 ಮಾತ್ರ ಎಂದು ಅಮೆರಿಕದ ಇಂಧನ ಇಲಾಖೆ ವಾಹನ ಮಾಲೀಕರಿಗೆ ಹೇಳುತ್ತದೆ. ಆಲನ್ ಮೈಯರ್ ಮತ್ತು ಯೂಚೆ ಚೆನ್ 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಚಾವಣಿಯ ರ‍್ಯಾಕುಗಳಿಂದ ಅಮೆರಿಕ 2015ರಲ್ಲಿ ಹೆಚ್ಚುವರಿಯಾಗಿ ಸುಟ್ಟ ಪೆಟ್ರೋಲ್ ಸುಮಾರು 10 ಕೋಟಿ ಗ್ಯಾಲನ್. ಅದರಲ್ಲಿ ಖಾಲಿ ರ‍್ಯಾಕುಗಳ ಪಾಲೂ ಇದೆ. ಪ್ರವಾಸ ಮುಗಿದ ಮೇಲೂ ಕಳಚದೆ ಬಿಟ್ಟವು.

ಕಾರಿನ ಬೆನ್ನ ಹಿಂದಿನ ಮರೆಗೆ ತನ್ನದೇ ಬೆಲೆಯೂ ಇದೆ. ಡಬ್ಬಿಯಂಥ ಗಾಡಿ ಮುನ್ನುಗ್ಗಿದಾಗ ಅದರ ಹಿಂದೆ ಕಡಿಮೆ ಒತ್ತಡದ ಜಾಗವೊಂದು ಉಳಿದು, ಸುತ್ತಲಿನ ಗಾಳಿ ಸುಳಿಯಾಗಿ ಅಲ್ಲಿಗೆ ನುಗ್ಗುತ್ತದೆ. ಚಕ್ರಗಳು ಎಬ್ಬಿಸಿದ ದೂಳು, ಮಳೆಯಲ್ಲಾದರೆ ಕೆಸರಿನ ತುಂತುರು, ಈ ಸುಳಿಯಲ್ಲಿ ಸಿಕ್ಕಿ ತಿರುಗಿ ಬಂದು ಹಿಂಗಾಜಿಗೆ ಹತ್ತುತ್ತದೆ. ಮಣ್ಣುಹಾದಿಯ ನಂತರ ಮಕ್ಕಳು ಬೆರಳಲ್ಲಿ ಹೆಸರು ಬರೆಯುವುದು ಹಿಂಗಾಜಿನ ಮೇಲೆಯೇ ಹೊರತು ಪಕ್ಕದ ಗಾಜಿನ ಮೇಲಲ್ಲ. ಸೈಕಲ್ಲುಗಳು ನಿಂತಿರುವುದು ಆ ಸುಳಿಯ ನಡುವೆ. ಚೈನು, ಗೇರು, ಬ್ಯಾಟರಿಯ ಕನೆಕ್ಟರ್ ಎಲ್ಲದಕ್ಕೂ ಹುಡಿ ಮೆತ್ತುತ್ತದೆ. ಬ್ಯಾಟರಿ ತೆಗೆದ ಗೂಡಿಗೆ ಒಂದು ಮುಚ್ಚಳವೋ ಪ್ಲಾಸ್ಟಿಕ್ ಚೀಲವೋ ಕಟ್ಟಬೇಕು. ಇದಕ್ಕಿಂತ ಕೆಟ್ಟದ್ದು ಹೊಗೆಕೊಳವೆಯ ಬಿಸಿ. ಮಗುವಿನ ಸೈಕಲ್ಲಿನ ಟೈರು ಸರಿಯಾಗಿ ಕೊಳವೆಯ ಎದುರಿಗೇ ಬಂದರೆ, ಏರುದಾರಿಯಲ್ಲಿ ಎಂಜಿನ್ ದುಡಿಯುವಾಗ ರಬ್ಬರ್ ಮೆತ್ತಗಾಗಿ ಟ್ಯೂಬ್ ಸಿಡಿಯುತ್ತದೆ. ಕಾರ್ಬನ್ ರಿಮ್ ಆದರೆ ಅದರ ಅಂಟು ಸಡಿಲಗೊಂಡು ರಿಮ್ಮೇ ಹಾಳಾಗುತ್ತದೆ, ಹೊರಗಿನಿಂದ ಕಾಣಿಸದೆಯೂ ಇರಬಹುದು. ಯೊಸೆಮಿಟಿಗೆ ಹೋಗುವ 120ನೇ ಹೆದ್ದಾರಿಯಲ್ಲಿ ಪ್ರೀಸ್ಟ್ ಗ್ರೇಡ್ ಎಂಬ ಉದ್ದನೆಯ ಏರು ಸಿಗುತ್ತದೆ. ಅಂಥ ಏರು ಬರುವ ಮೊದಲೇ ಟೈರಿಗೂ ಕೊಳವೆಗೂ ನಡುವೆ ಎಷ್ಟು ಜಾಗವಿದೆ ಎಂದು ಬಗ್ಗಿ ನೋಡಿರಬೇಕು.

ರ‍್ಯಾಕ್ ನಂಬರ್ ಪ್ಲೇಟನ್ನೂ ದೀಪಗಳನ್ನೂ ಮರೆಮಾಡುತ್ತದೆ. ಅಮೆರಿಕದಲ್ಲಿ ಇದರ ಕಾನೂನು ರಾಜ್ಯಕ್ಕೊಂದು ರೀತಿ. 2018ರ ಮೇ ತಿಂಗಳಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಹಿಂಬದಿಯ ಕ್ಯಾಮರಾ ಕಡ್ಡಾಯ. ಅದಕ್ಕೆ ಈಗ ಕಾಣುವುದು ಸೈಕಲ್ಲಿನ ಪೆಡಲ್. ಸೆನ್ಸರುಗಳು ರ‍್ಯಾಕನ್ನೇ ಅಡ್ಡಿ ಎಂದು ತಿಳಿದು ಕೂಗುತ್ತವೆ. ಹಿಂದಕ್ಕೆ ತೆಗೆಯುವಾಗ ಒಬ್ಬರು ಕೆಳಗಿಳಿದು ನಿಂತು ನೋಡುವುದೇ ಕ್ಷೇಮ. ಈ ಒಂದು ವಿಷಯದಲ್ಲಿ ಯುರೋಪಿನ ಕ್ರಮ ನನಗೆ ಮೇಲೆನಿಸುತ್ತದೆ. ಅಲ್ಲಿ ಚೌಕ ಬಾಯಿಯ ಬದಲು 50 ಮಿಲಿಮೀಟರಿನ ಉಕ್ಕಿನ ಗುಂಡು; ರ‍್ಯಾಕ್ ಅದನ್ನು ಇಕ್ಕಳದಂತೆ ಕಚ್ಚಿ ಹಿಡಿಯುತ್ತದೆ. ರ‍್ಯಾಕಿಗೆ ತನ್ನದೇ ಬ್ರೇಕ್ ದೀಪ, ಇಂಡಿಕೇಟರ್, ನಂಬರ್ ಪ್ಲೇಟಿನ ಜಾಗ ಇರುತ್ತವೆ, ಕಾರಿನ ಸಾಕೆಟ್ಟಿಗೆ ವೈರ್ ಸಿಕ್ಕಿಸಿದರಾಯಿತು.

ನಮ್ಮಲ್ಲಿ ಖಾಸಗಿ ಕಾರಿಗೆ ಇಂಥ ಹಿಚ್ ಇರುವುದು ಅಪರೂಪ. ಬೆಂಗಳೂರಿನಿಂದ ನಂದಿಬೆಟ್ಟದ ಬುಡಕ್ಕೆ ಸೈಕಲ್ ಒಯ್ಯುವವರು ಸಾಮಾನ್ಯವಾಗಿ ಡಿಕ್ಕಿಗೆ ಪಟ್ಟಿಗಳಿಂದ ಕಟ್ಟುವ ರ‍್ಯಾಕನ್ನೇ ಬಳಸುತ್ತಾರೆ. ಅಲ್ಲಿಯೂ ಸನ್ನೆಯ ಲೆಕ್ಕ ಇದೇ, ಆದರೆ ಹೊರುವವರು ಬೇರೆ: ಕೆಳಗಿನ ಕಾಲು ಡಿಕ್ಕಿಯ ತೆಳು ತಗಡನ್ನು ಒಳಕ್ಕೆ ಒತ್ತುತ್ತದೆ, ಮೇಲಿನ ಪಟ್ಟಿ ಬಾಗಿಲಿನ ಅಂಚನ್ನು ಎಳೆಯುತ್ತದೆ. ಹಂಪ್ ಹಾಯ್ದಂತೆ ಪಟ್ಟಿ ಸಡಿಲಾಗುತ್ತದೆ. ಸ್ಪಾಯ್ಲರ್ ಅಥವಾ ಗಾಜಿನ ಅಂಚಿಗೆ ಕೊಕ್ಕೆ ಹಾಕಲೇಬಾರದು, ಎರಡು ಸೈಕಲ್ಲಿಗಿಂತ ಹೆಚ್ಚು ಹೇರಬಾರದು.

ಮನೆಗೆ ಮರಳಿದ ಮೇಲೆ ರ‍್ಯಾಕನ್ನು ತೊಳೆದು ಒಣಗಿಸಿ, ಬಿಸಿಲಿನಲ್ಲಿಟ್ಟು ಬೆಸುಗೆಗಳನ್ನು ನೋಡುವುದು ಒಳ್ಳೆಯದು. ಮುಖ್ಯವಾಗಿ ಎರಡು ಕಡೆ: ದಂಡ ನೆಟ್ಟಗಿನ ಭಾಗಕ್ಕೆ ಸೇರುವ ಮೂಲೆಯ ಮೇಲ್ಭಾಗ, ಮತ್ತು ರ‍್ಯಾಕನ್ನು ಮಡಚುವ ಕೀಲಿನ ಸುತ್ತ. ದಣಿವಿನ ಬಿರುಕು ಮೊದಲು ಬಣ್ಣದಲ್ಲಿ ಕೂದಲೆಳೆಯ ಗೆರೆಯಾಗಿ ಕಾಣುತ್ತದೆ. ಉಕ್ಕಾದರೆ ಆ ಗೆರೆಯಿಂದ ಕೆಂಚು ತುಕ್ಕಿನ ನೀರು ಸೋರಿದ ಗುರುತು ಇರುತ್ತದೆ. ಉಗುರಿನಿಂದ ಅಡ್ಡ ಗೀರಿದರೆ ತಡೆ ಗೊತ್ತಾಗುತ್ತದೆ. ಗೆರೆ ಕಂಡ ಮೇಲೆ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಬೆಸುಗೆ ಹಾಕಿಸಿ ಬಳಸೋಣ ಎನ್ನುವ ಯೋಚನೆ ಸಹಜವಾಗಿ ಬರುತ್ತದೆ. ಆದರೆ ಅಲ್ಯುಮಿನಿಯಂ ರ‍್ಯಾಕಿಗೆ ಕಾರ್ಖಾನೆಯಲ್ಲಿ ಶಾಖ ಕೊಟ್ಟು ಗಟ್ಟಿತನ ಬರಿಸಿರುತ್ತಾರೆ; ಮೇಲೆ ಬೆಸೆದಾಗ ಆ ಸುತ್ತಿನ ಲೋಹ ಮತ್ತೆ ಮೆತ್ತಗಾಗಿ, ಬಿರುಕು ಬೆಸುಗೆಯ ಪಕ್ಕದಲ್ಲೇ ಹೊಸದಾಗಿ ಏಳುತ್ತದೆ. ಅಂಥ ರ‍್ಯಾಕನ್ನು ಯಾರಿಗೂ ಮಾರದೆ, ಯಾರಿಗೂ ಕೊಡದೆ ಗುಜರಿಗೆ ಹಾಕಬೇಕು; ಅದರ ಹಿಂದೆ ಇನ್ನೊಂದು ಸಂಸಾರದ ಕಾರು ಬರುತ್ತಿರುತ್ತದೆ.